ನಾಟಿಕೋಳಿಯ ಸಾರೂ ನಾಲ್ಕು ತಾಲ್ಲೂಕುಗಳೂ

ಬೆಂಗಳೂರು ನಗರವನ್ನು ಬಿಟ್ಟು ಉತ್ತರಕ್ಕಾಗಲಿ ಪೂರ್ವಕ್ಕಾಗಲಿ ವಾಯವ್ಯಕ್ಕಾಗಲಿ ಹೊರಟ ಪ್ರಯಾಣಿಕನು, ದಾರಿಯಲ್ಲಿ ವಾಹನಗಳ ಜಾತ್ರೆ ಅಡ್ಡಬಾರದಿದ್ದರೆ, ಒಂದೆರಡು ಗಂಟೆಯೊಳಗಾಗಿ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಒಂದನ್ನು ಮುಟ್ಟುವನು. ೧೯೮೬ರಲ್ಲಿ ಹಳೆಯ ಬೆಂಗಳೂರು ಜಿಲ್ಲೆಯನ್ನು ಒಡೆದು ಗ್ರಾಮಾಂತರ ಜಿಲ್ಲೆಯನ್ನು ಮಾಡಿದಾಗ ಇದರಲ್ಲಿ ಎಂಟು ತಾಲ್ಲೂಕುಗಳಿದ್ದುವು. ೨೦೦೭ರಲ್ಲಿ ರಾಮನಗರ ಜಿಲ್ಲೆಯು ಬೇರೆಯಾದ ಮೇಲೆ ಈ ನಾಲ್ಕು ಉಳಿದುವು. ೨೦೨೫ರ ಜುಲೈ ತಿಂಗಳಲ್ಲಿ ನಂದಿಬೆಟ್ಟದ ಮೇಲೆ ಸೇರಿದ ಮಂತ್ರಿಮಂಡಲವು ‘ಬೆಂಗಳೂರು ಉತ್ತರ’ ಎಂಬ ಹೊಸ ಹೆಸರನ್ನು ಒಪ್ಪಿತು. ಹೆಸರು ಏನೇ ಆಗಲಿ, ಕೆಂಪುಮಣ್ಣಿನ ರಾಗಿಹೊಲ, ಕೆರೆಯ ಏರಿ, ಹುಣಿಸೆಯ ಮರ, ಈಚೆಗೆ ಬಂದ ನೀಲಗಿರಿಯ ತೋಪು, ಇವೇ ಈ ಸೀಮೆಯ ಗುರುತುಗಳು. ಇನ್ನೊಂದು ಗುರುತು ಕಣ್ಣಿಗೆ ಕಾಣತಕ್ಕದ್ದಲ್ಲ. ಭಾನುವಾರ ಹನ್ನೊಂದು ಗಂಟೆಯ ಮೇಲೆ ಯಾವುದಾದರೊಂದು ಹಳ್ಳಿಯ ಬೀದಿಯಲ್ಲಿ ನಡೆದರೆ, ಹುರಿದ ಕೊತ್ತಂಬರಿ ಬೀಜ, ಸುಟ್ಟ ಈರುಳ್ಳಿ, ಮೆಣಸು ಇವುಗಳ ಪರಿಮಳವು ಹೆಂಚಿನ ಸಂದಿಯಿಂದ ಹೊರಟು ಮೂಗಿಗೆ ತಾಗುವುದು. ಆ ಮನೆಯಲ್ಲಿ ನಾಟಿಕೋಳಿಯ ಸಾರು ಕುದಿಯುತ್ತಿದೆ ಎಂದು ಯಾರನ್ನೂ ಕೇಳದೆ ತಿಳಿಯಬಹುದು.

ಬಹುಕಾಲ ಸಂಸ್ಕೃತ ಪಾಠ ಹೇಳಿದ ಮೇಷ್ಟರು ಕೋಳಿಯ ಸಾರನ್ನು ಕುರಿತು ಬರೆಯುವುದೇ ಎಂದು ಹುಬ್ಬು ಹಾರಿಸುವ ಮಹನೀಯರು ಇರಬಹುದು. ಅವರಿಗೆ ನನ್ನ ಬಿನ್ನಹವಿಷ್ಟೆ: ವ್ಯಾಕರಣಶಾಸ್ತ್ರದ ಬಾಗಿಲಿನಲ್ಲಿಯೇ ಕೋಳಿಯು ಕುಳಿತಿದೆ. ಪಾಣಿನಿಯು ಹ್ರಸ್ವ, ದೀರ್ಘ, ಪ್ಲುತ ಎಂಬ ಮೂರು ಅಳತೆಗಳನ್ನು ಹೇಳುವಾಗ ಅಕಾರವನ್ನು ಬಿಟ್ಟು ಉಕಾರವನ್ನು ಹಿಡಿದದ್ದೇಕೆ ಎಂದು ಹುಡುಗರು ಕೇಳಿದರೆ, ಬೆಳಗಿನ ಜಾವ ಕೋಳಿ ಕೂಗುವುದನ್ನು ಕೇಳಿರಿ, ಅದು ಮೂರು ಅಳತೆಗಳನ್ನೂ ಕ್ರಮವಾಗಿ ಹೇಳಿಕೊಡುತ್ತದೆ ಎಂದು ಉಪಾಧ್ಯಾಯರು ಉತ್ತರ ಹೇಳುವುದು ವಾಡಿಕೆ. ಪತಂಜಲಿಯು ಮಹಾಭಾಷ್ಯದ ಮೊದಲ ಆಹ್ನಿಕದಲ್ಲಿ ಊರಕೋಳಿಯನ್ನೇ ನಿದರ್ಶನವಾಗಿ ತಂದು, ಅದನ್ನು ತಿನ್ನಬಾರದೆಂದರೆ ಕಾಡಿನದನ್ನು ತಿನ್ನಬಹುದೆಂದು ತಾನಾಗಿಯೇ ತಿಳಿಯುತ್ತದೆ ಎಂದು ವಾದಿಸಿದ್ದಾನೆ. ಈ ವಾದವು ಇಂದಿನ ಕಾನೂನಿನ ಮುಂದೆ ತಲೆಕೆಳಗಾಗಿದೆ. ೧೯೭೨ರ ವನ್ಯಜೀವಿ ಸಂರಕ್ಷಣೆಯ ಶಾಸನದಂತೆ ಕಾಡುಕೋಳಿಯನ್ನು ಹಿಡಿಯುವುದೇ ಅಪರಾಧ, ಊರಕೋಳಿಗೆ ಅಡ್ಡಿಯಿಲ್ಲ. ಚರಕಸಂಹಿತೆಯಲ್ಲಿ ಕುಕ್ಕುಟಮಾಂಸವು ಉಷ್ಣ, ಬಲಕರ, ವಾತಹರ, ಕಂಠಸ್ವರಕ್ಕೆ ಹಿತ ಎಂದು ಹೇಳಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಅನ್ನಭೋಗದ ಪ್ರಕರಣದಲ್ಲಿ ಮಾಂಸದ ಅಡಿಗೆಗಳನ್ನು ವಿಸ್ತಾರವಾಗಿ ಬಣ್ಣಿಸುತ್ತದೆ. ಆದರೆ ಕನ್ನಡದಲ್ಲಿ ಹದಿನಾರನೆಯ ಶತಮಾನದ ಮೊದಲಿಗೆ ಸೂಪಶಾಸ್ತ್ರವನ್ನು ಬರೆದ ಮೂರನೆಯ ಮಂಗರಸನು ಸಸ್ಯಾಹಾರದ ಎಲ್ಲೆಯನ್ನು ದಾಟಲಿಲ್ಲ. ಆದಕಾರಣ ನಮ್ಮ ರೈತರ ಮನೆಯ ಈ ಸಾರು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಾಯಿಮಾತಿನಲ್ಲಿಯೇ ನಡೆದು ಬಂದಿತು.

ಸಸ್ಯಾಹಾರಿಗಳಾದ ವಾಚಕರು ಬೇಕಾದರೆ ಇಲ್ಲಿಂದ ಮುಂದಕ್ಕೆ ಹಾರಿ ಹೋಗಬಹುದು. ಆದರೂ ಖಾರ ಅರೆಯುವ ಭಾಗವನ್ನು ಓದಿಕೊಂಡರೆ ಅವರ ಕಾಳುಸಾರಿಗೂ ನಷ್ಟವೇನೂ ಆಗದು.

ಯಲಹಂಕ, ರಾಜಾನುಕುಂಟೆಗಳನ್ನು ದಾಟಿ ದೊಡ್ಡಬಳ್ಳಾಪುರವನ್ನು ಸೇರಿದರೆ ಮೊದಲು ಕಿವಿಗೆ ಬೀಳುವುದು ವಿದ್ಯುತ್ ಮಗ್ಗಗಳ ಸದ್ದು. ನೇಕಾರರ ಊರು ಇದು. ನಂದಿಯಲ್ಲಿ ಹುಟ್ಟಿದ ಅರ್ಕಾವತಿಯು ಈ ತಾಲ್ಲೂಕಿನಲ್ಲಿ ಇಳಿದು ಹೋಗುತ್ತದೆ. ಮಳೆಗಾಲ ಚೆನ್ನಾಗಿದ್ದರೆ ಅಲ್ಲಲ್ಲಿ ಕಾಣುತ್ತದೆ, ಇಲ್ಲದಿದ್ದರೆ ಹಳ್ಳದ ಗುರುತು ಮಾತ್ರ. ಅಲ್ಲಿಂದ ಮಾಕಳಿದುರ್ಗದ ಬೆಟ್ಟವನ್ನು ಒಂದು ಕಡೆಗೆ ಬಿಟ್ಟು ಘಾಟಿ ಸುಬ್ರಹ್ಮಣ್ಯದ ದಾರಿ ಹಿಡಿದರೆ, ದನಗಳ ಜಾತ್ರೆಗೆ ಹೆಸರಾದ ಆ ಕ್ಷೇತ್ರಕ್ಕೆ ಸ್ವಲ್ಪ ಈಚೆಗೆ ನನ್ನ ಹಳೆಯ ಶಿಷ್ಯನೊಬ್ಬನ ಹಳ್ಳಿಯಿದೆ. ಆತನ ತಾಯಿಗೆ ಎಪ್ಪತ್ತೈದರ ಮೇಲೆ ವಯಸ್ಸು. ಈ ಸಾರನ್ನು ಆದಿಯಿಂದ ಅಂತ್ಯದವರೆಗೆ ಕೂತು ನೋಡಿ ಬರೆದುಕೊಂಡದ್ದು ಆ ಮನೆಯ ಅಡಿಗೆಮನೆಯಲ್ಲಿ.

ಮನೆಯ ಹಿಂದೆ ಹಿತ್ತಲು. ಹಿತ್ತಲಿನಲ್ಲಿ ನುಗ್ಗೆ, ಕರಿಬೇವು, ಒಂದು ಸೀಬೆಯ ಗಿಡ, ತಿಪ್ಪೆ, ಬಣವೆ. ಕೋಳಿಗಳು ಹಗಲೆಲ್ಲ ತಿಪ್ಪೆಯನ್ನು ಕೆದಕಿ, ಹುಳುಹುಪ್ಪಟೆಯನ್ನೂ ಕಣದಲ್ಲಿ ಚೆಲ್ಲಿದ ರಾಗಿಯನ್ನೂ ಹೆಕ್ಕಿ, ಸಂಜೆಯಾದರೆ ಮಂಕರಿಯೊಳಕ್ಕೆ ತಾವಾಗಿ ಸೇರುತ್ತವೆ. ಅವಕ್ಕೆಂದು ಅಂಗಡಿಯಿಂದ ಆಹಾರ ತರುವುದಿಲ್ಲ. ಮೊಟ್ಟೆಯಿಡುವ ಹೇಂಟೆಯನ್ನು ಆಕೆ ಕೊಯ್ಯಿಸುವುದಿಲ್ಲ. ಹೆಚ್ಚಾಗಿ ಉಳಿದ ಎಳೆಯ ಹುಂಜಗಳೇ ಸಾರಿಗೆ. ಹಿಡಿಯುವುದೂ ಹಗಲಿನಲ್ಲಲ್ಲ. “ಬೆಳಕಲ್ಲಿ ಅಟ್ಟಾಡಿಸಿದ ಕೋಳಿ ಬೇಯೋದೇ ಇಲ್ಲ, ಮೇಷ್ಟ್ರೇ. ರಾತ್ರಿ ಮಂಕರಿಗೆ ಕೈಹಾಕಿ ಸದ್ದಿಲ್ದಂಗೆ ತೆಗೀಬೇಕು,” ಎಂದಳು ಆಕೆ. ಬೆದರಿ ದಣಿದ ಪ್ರಾಣಿಯ ಮಾಂಸವು ಬಿರುಸಾಗುತ್ತದೆಂದು ಇಂದಿನ ವಿಜ್ಞಾನಿಗಳೂ ಹೇಳುತ್ತಾರೆ.

ಕೊಯ್ದು ಪುಕ್ಕ ಕಿತ್ತ ಮೇಲೆ ಕೋಳಿಗೆ ಅರಿಸಿನ ಸವರಿ, ಒಣಗರಿಯ ಉರಿಯಲ್ಲಿ ತಿರುಗಿಸುತ್ತ ಚರ್ಮವನ್ನು ಸುಡುವುದು ಈ ಕಡೆಯ ಪದ್ಧತಿ. ಉಳಿದ ನವಿರು ಸುಟ್ಟುಹೋಗುವುದಲ್ಲದೆ ಚರ್ಮಕ್ಕೆ ಒಂದು ಹೊಗೆಯ ವಾಸನೆ ಹಿಡಿಯುತ್ತದೆ. ಈ ವಾಸನೆಯಿಲ್ಲದ ಸಾರನ್ನು ಹಳಬರು ಸಾರೆಂದು ಎಣಿಸುವುದಿಲ್ಲ. ಪಟ್ಟಣದ ಅಂಗಡಿಯಲ್ಲಿ ಚರ್ಮ ಸುಲಿದು ಕೊಡುವುದು ಸಾಮಾನ್ಯ. ಮನೆಯಲ್ಲಿ ನಾಟಿಕೋಳಿ ಮಾಡಬೇಕೆನ್ನುವವರು ಚರ್ಮಸಹಿತವಾಗಿ ಸುಟ್ಟು ಕೊಡಿರೆಂದು ಕೇಳಿ ತರತಕ್ಕದ್ದು.

ಇನ್ನು ಖಾರ. ಒಂದೂಕಾಲು ಕಿಲೋ ತೂಗುವ ಕೋಳಿಗೆ, ಆರು ಮಂದಿಯ ಊಟಕ್ಕೆ, ಆಕೆ ತೆಗೆದುಕೊಂಡದ್ದನ್ನು ನಾನು ಚಮಚದಲ್ಲಿ ಅಳೆದು ಗುರುತು ಹಾಕಿಕೊಂಡೆನು. ಆಕೆಯ ಅಳತೆ ಹಿಡಿ ಮತ್ತು ಚಿಟಿಕೆ ಮಾತ್ರ. ಕೊತ್ತಂಬರಿ ಬೀಜ ೩ ದೊಡ್ಡ ಚಮಚ, ಬ್ಯಾಡಗಿ ಮೆಣಸಿನಕಾಯಿ ೧೨, ಗುಂಟೂರಿನ ಖಾರದ ಮೆಣಸಿನಕಾಯಿ ೫, ಕರಿಮೆಣಸು ೧ ಸಣ್ಣ ಚಮಚ, ಜೀರಿಗೆ ಅಷ್ಟೇ, ಚಕ್ಕೆ ಎರಡು ತುಂಡು, ಲವಂಗ ೫. ಇವುಗಳನ್ನು ಸಣ್ಣ ಉರಿಯಲ್ಲಿ ಒಂದೊಂದಾಗಿ ಹುರಿಯಬೇಕು. ಕೊತ್ತಂಬರಿ ಬೀಜ ಹದಕ್ಕೆ ಬರುವ ಹೊತ್ತಿಗೆ ಜೀರಿಗೆ ಕರಿಕಾಗಿರುತ್ತದೆ. ಎಲ್ಲವನ್ನೂ ಒಟ್ಟಿಗೆ ಸುರಿದು ಹುರಿಯುವ ಆತುರವೇ ಅನೇಕ ಮನೆಗಳಲ್ಲಿ ಸಾರು ಕಹಿಯಾಗುವುದಕ್ಕೆ ಕಾರಣ. ಎರಡು ಈರುಳ್ಳಿಯನ್ನು ಸಿಪ್ಪೆಸಹಿತ ಕೆಂಡದಲ್ಲಿ ಸುಟ್ಟು ಸುಲಿದು, ಒಂದೂವರೆ ಗಡ್ಡೆ ಬೆಳ್ಳುಳ್ಳಿ, ಹೆಬ್ಬೆರಳಿನಷ್ಟು ಶುಂಠಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ನಾಲ್ಕೆಲೆ ಪುದೀನ ಸೇರಿಸಿ ನುಣ್ಣಗೆ ಅರೆದರೆ ಖಾರವು ಸಿದ್ಧ. ಅರ್ಧ ಹೋಳು ತೆಂಗಿನಕಾಯಿ, ಒಂದು ಚಮಚ ಗಸಗಸೆ, ಒಂದು ಚಮಚ ಹುರಿಗಡಲೆ ಇವನ್ನು ಬೇರೆಯಾಗಿಯೇ ಅರೆದಿಡುವುದು. ಆಕೆ ರುಬ್ಬುಗುಂಡಿನ ಮುಂದೆ ಕುಳಿತಳು. ಸೊಸೆಯು ಮಿಕ್ಸಿಯಲ್ಲಿ ಹಾಕಿಕೊಡುತ್ತೇನೆಂದರೂ ಕೇಳಲಿಲ್ಲ. ಮಿಕ್ಸಿಯಲ್ಲಿ ಅರೆದರೂ ಅಷ್ಟೇನೂ ಕೆಡುವುದಿಲ್ಲವೆಂದು ನನ್ನ ಮತ. ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ, ಬಿಸಿಯಾಗಲು ಬಿಡದೆ, ನಿಲ್ಲಿಸಿ ನಿಲ್ಲಿಸಿ ಅರೆದರೆ ಸಾಕು. ಕೋಳಿಯನ್ನು ಕೇಳಿ ಖಾರ ಅರೆಯುತ್ತಾರೆಯೇ ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ಅರೆಯುವಾಕೆಯು ಕೋಳಿಯ ವಯಸ್ಸನ್ನು ಕೇಳಿಯೇ ಅರೆಯುತ್ತಾಳೆ. ಬಲಿತ ಕೋಳಿಗೆ ಮೆಣಸು ಹೆಚ್ಚು, ಎಳೆಯದಕ್ಕೆ ಕಡಮೆ.

ತಪ್ಪಲೆಯಲ್ಲಿ ಮೂರು ಚಮಚ ಎಣ್ಣೆ ಕಾಯಿಸಿ, ಹೆಚ್ಚಿದ ಈರುಳ್ಳಿ ಕೆಂಪಗಾದ ಬಳಿಕ ಕೋಳಿಯ ತುಂಡುಗಳನ್ನು ಹಾಕಿ, ಅರಿಸಿನವನ್ನೂ ಉಪ್ಪನ್ನೂ ಸೇರಿಸಿ ಮುಚ್ಚಬೇಕು. ಒಂದು ಹನಿ ನೀರನ್ನೂ ಹಾಕಕೂಡದು. ಮಾಂಸವು ತನ್ನ ನೀರನ್ನೇ ಬಿಟ್ಟು, ಆ ನೀರಿನಲ್ಲಿಯೇ ಬೆಂದು, ಅದು ಹಿಂಗುವವರೆಗೆ ಕಾಲು ಗಂಟೆಗೆ ಮೇಲಾಗುತ್ತದೆ. ಹಸಿವಾಸನೆ ಹೋಗುವುದು ಈ ಹಂತದಲ್ಲಿಯೇ. ಆಮೇಲೆ ಖಾರವನ್ನು ಹಾಕಿ ಎಣ್ಣೆ ಮೇಲೇಳುವವರೆಗೆ ಬಾಡಿಸಿ, ಒಂದು ಹುಳಿ ಟೊಮೇಟೊ ಹಿಸುಕಿ, ಒಂದೂವರೆ ಲೀಟರ್ ಬಿಸಿನೀರು ಹೊಯ್ದು ಬೇಯಲು ಬಿಡುವುದು. ತಣ್ಣೀರು ಹೊಯ್ದರೆ ಕುದಿ ಮುರಿದು ಬೇಯುವುದು ತಡವಾಗುತ್ತದೆ. ಅಂಗಡಿಯ ಬಾಯ್ಲರ್ ಕೋಳಿಯನ್ನು ಐದಾರು ವಾರಗಳಲ್ಲಿ ಎರಡು ಕಿಲೋಗೆ ಬೆಳೆಸುತ್ತಾರೆ. ಅದು ಅರ್ಧ ಗಂಟೆಯಲ್ಲಿ ಬೆಂದು ಮುಗಿಯುತ್ತದೆ. ನಾಟಿಕೋಳಿಗೆ ಒಂದು ಕಿಲೋ ಆಗಲು ಐದಾರು ತಿಂಗಳು ಬೇಕು. ಅಷ್ಟು ದಿನ ಓಡಾಡಿದ ಕಾಲಿನ ನಾರು ಮೆದುವಾಗಲು ಒಂದು ಗಂಟೆಯಾದರೂ ಬೇಕು. ಕುಕ್ಕರಿನಲ್ಲಿ ಐದಾರು ಕೂಗಿಗೆ ಆಗುತ್ತದೆ. ಆದರೆ ನಿಧಾನದ ಕುದಿಯಲ್ಲಿ ಮೂಳೆಯ ಸಾರ ಇಳಿದು ಎಸರಿಗೆ ಬರುವ ಗಟ್ಟಿತನ ಬೇರೆ. ಎಷ್ಟು ಹೊತ್ತಾಯಿತೆಂದು ನಾನು ಗಡಿಯಾರ ನೋಡುತ್ತಿದ್ದುದನ್ನು ಕಂಡು ಆಕೆ ನಕ್ಕು, “ಅದ್ಯಾಕೆ ನೋಡ್ತೀರಿ ಮೇಷ್ಟ್ರೇ, ಕಾಲಿನ ಮೂಳೆಯಿಂದ ಮಾಂಸ ಸರಿದು ಮೇಲಕ್ಕೆ ಹೋಯ್ತಾ ಅಂತ ನೋಡಿ,” ಎಂದಳು. ಹಾಗೆ ಸರಿದ ಮೇಲೆ ತೆಂಗಿನಕಾಯಿಯ ಅರೆಪನ್ನು ಸೇರಿಸಿ ಹತ್ತು ನಿಮಿಷ ಕುದಿಸಿ ಇಳಿಸುವುದು. ಕಾಯಿಯನ್ನು ಮೊದಲೇ ಹಾಕಿದರೆ ತಳ ಹಿಡಿಯುತ್ತದೆ, ಸಾರು ಒಡೆಯುತ್ತದೆ.

ಇದಕ್ಕೆ ಜೊತೆ ರಾಗಿಮುದ್ದೆ. ಮುದ್ದೆಯನ್ನು ಅಗಿಯಬಾರದು, ಮುರಿದು, ಸಾರಿನಲ್ಲಿ ಅದ್ದಿ, ನುಂಗಬೇಕು. ಆದುದರಿಂದಲೇ ಸಾರಿಗೆ ಇಷ್ಟು ಖಾರವೂ ಇಷ್ಟು ತೆಳುವೂ ಬೇಕಾದುದು. ರಾಗಿಗೂ ಭತ್ತಕ್ಕೂ ನಡೆದ ವ್ಯಾಜ್ಯವನ್ನು ಕನಕದಾಸರು ರಾಮಧಾನ್ಯ ಚರಿತ್ರೆಯಲ್ಲಿ ಕಾವ್ಯವಾಗಿ ಹೇಳಿ ರಾಗಿಯನ್ನು ಗೆಲ್ಲಿಸಿದರು. ವೈದ್ಯರ ಲೆಕ್ಕವೂ ರಾಗಿಯ ಕಡೆಗೇ ಇದೆ: ೧೦೦ ಗ್ರಾಂ ರಾಗಿಯಲ್ಲಿ ಸುಮಾರು ೩೪೦ ಮಿಲಿಗ್ರಾಂ ಸುಣ್ಣಾಂಶವುಂಟು, ಅಕ್ಕಿಯಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ.

ಈ ಊಟದಲ್ಲಿ ನಮ್ಮ ನೆಲದ್ದೇ ಎಂದು ನಾವು ನಂಬಿರುವುದರಲ್ಲಿ ಎಷ್ಟು ಪರಸ್ಥಳದ್ದು! ರಾಗಿಯು ಪೂರ್ವ ಆಫ್ರಿಕದ ಎತ್ತರದ ನಾಡಿನಿಂದ ಬಹು ಹಿಂದೆ ಬಂದದ್ದು. ಮೆಣಸಿನಕಾಯಿಯೂ ಟೊಮೇಟೊವೂ ಅಮೆರಿಕ ಖಂಡದವು. ಮೆಣಸಿನಕಾಯಿಯನ್ನು ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ತಂದರು. ನಮ್ಮವರು ಅದಕ್ಕೆ ಹೊಸ ಹೆಸರನ್ನು ಹುಡುಕದೆ, ಮೊದಲೇ ಇದ್ದ ಮೆಣಸಿಗೆ ‘ಕಾಯಿ’ಯನ್ನು ಸೇರಿಸಿ ಕೆಲಸ ತೀರಿಸಿದರು. ಕೋಳಿಯ ಮೂಲಪುರುಷನು ಆಗ್ನೇಯ ಏಷ್ಯದ ಕೆಂಪು ಕಾಡುಕೋಳಿ. ಆದರೆ ಇಲ್ಲಿ ನಮ್ಮ ಪಾಲೂ ಒಂದಿದೆ. ಸಾಕುಕೋಳಿಗಳಲ್ಲಿ ಕಾಣುವ ಹಳದಿ ಚರ್ಮದ ಗುಣವು ದಕ್ಷಿಣ ಭಾರತದ ಬೂದು ಕಾಡುಕೋಳಿಯಿಂದ ಬಂದುದೆಂದು ೨೦೦೮ರಲ್ಲಿ ವಂಶವಾಹಿಗಳ ಪರೀಕ್ಷೆಯಿಂದ ತಿಳಿದುಬಂದಿತು. ಪರದೇಶದ ಅಂಗಡಿಯಲ್ಲಿ ಹಳದಿ ಚರ್ಮದ ಕೋಳಿಯನ್ನು ಕೊಳ್ಳುವವನಿಗೆ ಈ ಸಂಗತಿ ಗೊತ್ತಿರಲಾರದು.

ಒಂದೇ ಖಾರದಿಂದ ಹುಟ್ಟುವ ಅಡಿಗೆಗಳು ಎಷ್ಟೆಂದು ಎಣಿಸಿದರೆ ಈ ಪದಾರ್ಥದ ಹಿರಿಮೆ ತಿಳಿಯುತ್ತದೆ. ನೀರು ಹೆಚ್ಚಿದರೆ ಮುದ್ದೆಯ ಸಾರು; ಕಡಮೆಯಾದರೆ ಅನ್ನಕ್ಕೂ ಚಪಾತಿಗೂ ಗೊಜ್ಜು; ನೀರನ್ನು ಪೂರಾ ಹಿಂಗಿಸಿ ಮೇಲೆ ಮೆಣಸಿನ ಪುಡಿ, ಕರಿಬೇವು ಉದುರಿಸಿದರೆ ದಾರಿಯ ಬುತ್ತಿಗೆ ಹುರಿದ ಕೋಳಿ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಬೆಳೆದ ಅವರೆಯು ಡಿಸೆಂಬರಿನ ಚಳಿಗೆ ಸೊನೆಗಟ್ಟಿ ಬಂದಾಗ, ಹಿತಕಿದ ಬೇಳೆಯನ್ನು ಇದೇ ಸಾರಿಗೆ ಹಾಕಿದರೆ ನಾಲ್ಕು ತುಂಡು ಮಾಂಸ ಹತ್ತು ಮಂದಿಗೆ ಸಾಲುತ್ತದೆ. ಬಾಣಂತಿಗೆ ಮೆಣಸಿನಕಾಯಿಯನ್ನೂ ಕಾಯಿಯನ್ನೂ ಬಿಟ್ಟು, ಕರಿಮೆಣಸು, ಜೀರಿಗೆ, ಇಡೀ ಬೆಳ್ಳುಳ್ಳಿಯಿಂದ ಮಾಡಿದ ತಿಳಿಸಾರು. ಯುಗಾದಿಯ ಮರುದಿನ ಹೊಸತೊಡಕಿನಲ್ಲಿ ಹಳ್ಳಿಯಲ್ಲಿ ಕುರಿಯ ಗುಡ್ಡೆಮಾಂಸಕ್ಕೆ ಮೊದಲ ಮರ್ಯಾದೆ. ಆದರೂ ಪಾಲು ಸಿಕ್ಕದವನ ಮನೆಯಲ್ಲಿ ಕೋಳಿಯೇ ಮಾನ ಕಾಯುತ್ತದೆ. ಉಳಿದ ಸಾರು ಮರುದಿನ ಬೆಳಿಗ್ಗೆ ದೋಸೆಗೆ, ಇಡ್ಲಿಗೆ, ಒತ್ತುಶಾವಿಗೆಗೆ. ಹಿಂದಿನ ದಿನಕ್ಕಿಂತ ಆ ದಿನದ ರುಚಿಯೇ ಹೆಚ್ಚೆಂದು ವಾದಿಸುವವರ ಪಕ್ಷದಲ್ಲಿ ನಾನೂ ಒಬ್ಬನು. ಉಳಿದದ್ದನ್ನು ಆರಿದ ಕೂಡಲೆ ತಣ್ಣನೆಯ ಪೆಟ್ಟಿಗೆಯಲ್ಲಿಟ್ಟು, ಮರುದಿನ ಚೆನ್ನಾಗಿ ಕುದಿಸಿಯೇ ಬಡಿಸತಕ್ಕದ್ದೆಂಬುದನ್ನು ಮಾತ್ರ ಮರೆಯಬಾರದು.

ಹೊಸಕೋಟೆಯ ಕೀರ್ತಿ ಬೇರೆ ಬಗೆಯದು. ದಕ್ಷಿಣಪಿನಾಕಿನಿಯ ಬಯಲಿನ ಈ ಊರಿನಲ್ಲಿ ಭಾನುವಾರ ಸೂರ್ಯೋದಯಕ್ಕೆ ಮೊದಲೇ ಜನರು ಸೌದೆಯ ಒಲೆಯ ಬಿರಿಯಾನಿಗಾಗಿ ಸಾಲುಗಟ್ಟಿ ನಿಲ್ಲುತ್ತಾರೆ. ಬ್ರಾಹ್ಮೀ ಮುಹೂರ್ತದಲ್ಲಿ ಏಳಿರೆಂದು ಇಷ್ಟು ವರ್ಷ ಹುಡುಗರಿಗೆ ಬೋಧಿಸಿದ ನನಗೆ, ಆ ಮುಹೂರ್ತಕ್ಕೆ ಇಷ್ಟು ಮಂದಿ ತರುಣರು ಎದ್ದು ಸ್ನಾನವಿಲ್ಲದೆ ನಿಂತಿರುವುದನ್ನು ಕಂಡು ನಗು ಬಂದಿತು. ಅದು ಮುಖ್ಯವಾಗಿ ಕುರಿಯ ಮಾಂಸದ್ದು, ಅಂಗಡಿಯದು. ಸೂಲಿಬೆಲೆ, ನಂದಗುಡಿಗಳ ಕಡೆಯ ಮನೆಗಳಲ್ಲಿ ಕೋಳಿಸಾರಿನ ಎಸರಿನಲ್ಲಿಯೇ ಅಕ್ಕಿ ಬೇಯಿಸುವ ಪಲಾವನ್ನು ಅದಕ್ಕಿಂತ ನಾನು ಮೆಚ್ಚುತ್ತೇನೆ. ನೆಲಮಂಗಲದಲ್ಲಿ ತುಮಕೂರಿನ ಹೆದ್ದಾರಿಯೂ ಹಾಸನದ ಹೆದ್ದಾರಿಯೂ ಕವಲೊಡೆಯುತ್ತವೆ. ಎರಡು ದಾರಿಯಲ್ಲಿಯೂ ‘ಮುದ್ದೆ, ನಾಟಿಕೋಳಿ ಸಾರು’ ಎಂಬ ಹಲಗೆಗಳು. ಶಿವಗಂಗೆಗೆ ಹೋಗುವಾಗ ಅಂಥದೊಂದು ಕಡೆ ಊಟಕ್ಕೆ ಕುಳಿತೆನು. ಸಾರು ಖಾರವಾಗಿತ್ತು, ಕೋಳಿ ನಾಟಿಯದಾಗಿರಲಿಲ್ಲ.

ಇಲ್ಲಿ ಗೃಹಸ್ಥರು ಎಚ್ಚರದಿಂದಿರಬೇಕು. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಹಿತ್ತಲ ಸಾಕಣೆಗಾಗಿಯೇ ಬೆಳೆಸಿದ ‘ಗಿರಿರಾಜ’ ಎಂಬ ತಳಿಯೂ, ಆಮೇಲೆ ಬಂದ ‘ಸ್ವರ್ಣಧಾರ’ವೂ ಬಣ್ಣಬಣ್ಣದ ಪುಕ್ಕವುಳ್ಳವು, ಬೇಗ ಬೆಳೆಯುವಂಥವು. ಬಡವರಿಗೆ ಉಪಕಾರವಾದ ತಳಿಗಳು. ಅವುಗಳ ಮೇಲೆ ನನಗೆ ದೂರಿಲ್ಲ. ಅವನ್ನೂ ಅಂಥ ಇತರ ಬಣ್ಣದ ಕೋಳಿಗಳನ್ನೂ ನಾಟಿಯೆಂದು ಹೇಳಿ ನಾಟಿಯ ಬೆಲೆಗೆ ಮಾರುವುದು ಮಾತ್ರ ಮೋಸ. ನಿಜವಾದ ನಾಟಿಕೋಳಿಯ ಎದೆ ಕಿರಿದು, ಕಾಲು ಸಣ್ಣಗೆ ಉದ್ದ, ಕಾಲಿನ ಹುರುಪೆ ಗಟ್ಟಿ. ಕೈಯಲ್ಲೆತ್ತಿದರೆ ನೋಟಕ್ಕಿಂತ ಹಗುರ. ಬೆಂದ ಮೇಲೆ ಮೂಳೆಯು ಹಲ್ಲಿಗೆ ಸುಲಭವಾಗಿ ಬಗ್ಗುವುದಿಲ್ಲ.

ಮೋಸಕ್ಕೆ ಎಡೆಯಾಗುವುದು ನಿಜವಾದದ್ದು ಕಡಮೆಯಾದಾಗ. ಕಡಮೆಯಾಗುವುದಕ್ಕೆ ಕಾರಣಗಳು ಎರಡು. ಮೊದಲನೆಯದು ಕೊಕ್ಕರೆ ರೋಗ. ೧೯೨೭ರಲ್ಲಿ ರಾಣಿಖೇತದಲ್ಲಿ ಕಂಡದ್ದರಿಂದ ನಮ್ಮ ದೇಶದಲ್ಲಿ ಆ ಊರಿನ ಹೆಸರು ಇದಕ್ಕೆ ಅಂಟಿತು. ಬೇಸಗೆಯಲ್ಲಿ ಒಮ್ಮೆ ಹೊಕ್ಕರೆ ವಾರದೊಳಗೆ ಮಂಕರಿ ಬರಿದಾಗುವುದು. ಮರಿಗೆ ಒಂದು ವಾರವಾಗುವಷ್ಟರಲ್ಲಿ ಕಣ್ಣಿಗೋ ಮೂಗಿಗೋ ಹನಿಲಸಿಕೆ, ಎರಡು ತಿಂಗಳಿಗೆ ಚುಚ್ಚುಲಸಿಕೆ ಹಾಕಿಸಿದರೆ ತಡೆಯಬಹುದು. ಪಶುವೈದ್ಯಶಾಲೆಗೆ ಹಸುವನ್ನು ಹೊಡೆದುಕೊಂಡು ಹೋಗುವವರು ಕೋಳಿಗಾಗಿ ಹೋಗುವುದಿಲ್ಲ. ಎರಡನೆಯ ಕಾರಣಕ್ಕೆ ಲಸಿಕೆಯಿಲ್ಲ. ಅದು ಹಿತ್ತಲು ಹೋಗುತ್ತಿರುವುದು.

ದೇವನಹಳ್ಳಿಯ ಕಡೆಗೆ ಹೋದರೆ ಇದು ಕಣ್ಣಿಗೆ ಕಟ್ಟುತ್ತದೆ. ಟಿಪ್ಪು ಸುಲ್ತಾನನು ಹುಟ್ಟಿದ ಊರೆಂದೂ ಚಕ್ಕೋತದ ಹಣ್ಣಿನ ಊರೆಂದೂ ಹೆಸರಾಗಿದ್ದ ಈ ತಾಲ್ಲೂಕಿನಲ್ಲಿ ೨೦೦೮ರ ಮೇ ತಿಂಗಳಲ್ಲಿ ವಿಮಾನನಿಲ್ದಾಣವು ತೆರೆಯಿತು. ಅಂದಿನಿಂದ ಹೊಲದ ಬೆಲೆ ಅಡಿಯ ಲೆಕ್ಕಕ್ಕೆ ಬಂದಿತು. ಚನ್ನರಾಯಪಟ್ಟಣ ಹೋಬಳಿಯ ೧೩ ಹಳ್ಳಿಗಳಲ್ಲಿ ೧,೭೭೭ ಎಕರೆಯನ್ನು ಕೈಗಾರಿಕೆಗೆಂದು ತೆಗೆದುಕೊಳ್ಳುವುದನ್ನು ರೈತರು ಮೂರು ವರ್ಷಕ್ಕೂ ಮೇಲ್ಪಟ್ಟು ಧರಣಿ ಕುಳಿತು ವಿರೋಧಿಸಿದರು. ೨೦೨೫ರ ಜುಲೈ ೧೫ರಂದು ಸರ್ಕಾರವು ಅದನ್ನು ಕೈಬಿಟ್ಟಿತೆಂದು ಮುಖ್ಯಮಂತ್ರಿಗಳು ಹೇಳಿದರು. ಪತ್ರಿಕೆಗಳು ರಾಗಿ, ದ್ರಾಕ್ಷಿ, ಹಿಪ್ಪುನೇರಳೆ, ಹಾಲು ಇವುಗಳ ಲೆಕ್ಕವನ್ನು ಬರೆದುವು. ಹಿತ್ತಲಿನ ಕೋಳಿಯ ಲೆಕ್ಕವನ್ನು ಬರೆದವರಿಲ್ಲ. ಬರೆಯುವುದು ಕಷ್ಟವೂ ಹೌದು; ಅದು ಹೆಂಗಸರ ಲೆಕ್ಕ. ಹೊಲದ ಪಹಣಿ ಗಂಡಸಿನ ಹೆಸರಿನಲ್ಲಿ, ಡೈರಿಯ ಹಣ ಮನೆಯ ಖರ್ಚಿಗೆ. ಮೊಟ್ಟೆ, ಮರಿ, ಹುಂಜ ಮಾರಿ ಬಂದುದು ಮಾತ್ರ ಸೆರಗಿನ ಗಂಟಿಗೆ. ಮಗಳ ಪುಸ್ತಕ, ತವರಿನ ದಾರಿಖರ್ಚು, ಹೇಳಿಕೊಳ್ಳಲಾಗದ ಕಾಯಿಲೆಯ ಔಷಧ, ಎಲ್ಲವೂ ಆ ಗಂಟಿನಿಂದ. ಹೊಲ ಮಾರಿದರೆ ಹಣ ಬರುತ್ತದೆ, ಅದು ಬ್ಯಾಂಕಿಗೆ ಹೋಗುತ್ತದೆ, ಸಹಿ ಹಾಕುವವರು ಬೇರೆ. ತಿಪ್ಪೆಯಿಲ್ಲದ, ಬಣವೆಯಿಲ್ಲದ, ಗೋಡೆಗೆ ಗೋಡೆ ಅಂಟಿದ ಮೂವತ್ತು ನಲವತ್ತರ ನಿವೇಶನದಲ್ಲಿ ಹೇಂಟೆಯು ಎಲ್ಲಿ ಕೆದಕಬೇಕು?

ಘಾಟಿ ದಾರಿಯ ಆ ತಾಯಿಯ ಮನೆಯಲ್ಲಿಯೂ ಈ ಮಾತು ನಡೆಯುತ್ತಿತ್ತು. ಹಿತ್ತಲನ್ನು ಸೇರಿಸಿ ಬಾಡಿಗೆಯ ಮನೆಗಳನ್ನು ಕಟ್ಟಬೇಕೆಂದು ಹಿರಿಯ ಮಗನ ಆಲೋಚನೆ. ಅದು ಅವಿವೇಕವೆಂದು ನಾನು ಹೇಳಲಾರೆ. ಆತನಿಗೆ ಓದುವ ಮಕ್ಕಳಿಬ್ಬರು, ಹೊಲಕ್ಕೆ ನೀರಿಲ್ಲ. ಊಟವಾದ ಮೇಲೆ ಆತನೇ ನನ್ನನ್ನು ಮಧ್ಯಸ್ಥನನ್ನಾಗಿ ಮಾಡಿ, “ನೀವೇ ಹೇಳಿ ಮೇಷ್ಟ್ರೇ,” ಎಂದನು. ನಾನು ಬಾಯಿ ತೆರೆಯುವುದರೊಳಗೆ ಆಕೆ ತಲೆಯೆತ್ತದೆ ಎಲೆ ಎತ್ತುತ್ತ, “ಕಟ್ಟಪ್ಪ, ಯಾರು ಬೇಡ ಅಂದೋರು. ತಿಪ್ಪೆ ಕಡೆ ಹದಿನೈದು ಅಡಿ ನಂಗೆ ಬಿಡು. ಬಾಡಿಗೆ ಎಷ್ಟಾಗ್ತದೋ ನಾನೇ ಕೊಡ್ತೀನಿ,” ಎಂದಳು. ಮಗನಿಗೆ ಉತ್ತರ ತೋಚಲಿಲ್ಲ. ಸೊಸೆಯು ಒಳಗೆ ಹೋಗಿ, ಯಲಹಂಕದಲ್ಲಿ ಮಹಡಿಯ ಮೇಲಣ ಮನೆಯಲ್ಲಿರುವ ನಾದಿನಿಗೆ ಕಳುಹಿಸಬೇಕಾದ ಖಾರವನ್ನು ಡಬ್ಬಿಗೆ ತುಂಬುತ್ತಿದ್ದಳು. ಎರಡು ತಿಂಗಳ ಮೇಲೆ ಆ ದಾರಿಯಲ್ಲಿ ಹೋದಾಗ ಪಾಯ ತೋಡಿದ್ದರು. ತಿಪ್ಪೆಯ ಕಡೆಗೆ ಹನ್ನೆರಡು ಅಡಿ ಬಿಟ್ಟಿತ್ತು; ಮಂಕರಿಯಲ್ಲಿ ಒಂದು ಹೇಂಟೆ ಹನ್ನೊಂದು ಮೊಟ್ಟೆಯ ಮೇಲೆ ಕಾವಿಗೆ ಕುಳಿತಿತ್ತು.